ಯಾನ್ ಗಾರ್ಬಾರೆಕ್: ಇದನ್ನು ಜಾಝ್ ಅನ್ನಬಹುದಾ? ಎಲ್ಲಿಂದ ಕೇಳಲು ಶುರು ಮಾಡಲಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸಂಗೀತದ ವಿಷಯದಲ್ಲಿ ನಾನು ಹೆಚ್ಚು ತಿಳಿದವನಲ್ಲ. ಹಳೆ ಸಿನಿಮಾ ಹಾಡು, ಭಾವಗೀತೆ, ಭಾನುವಾರ ಬೆಳಗ್ಗೆ ಸ್ವಲ್ಪ ದೇವರನಾಮ. ಅಷ್ಟೇ.

ಕಳೆದ ವಾರ ಅಣ್ಣನ ಮಗಳು 'ಕಾಕಾ, ಲೈಟ್ ಆರಿಸಿ ಕೇಳಿ' ಅಂತ ಒಂದು ಆಲ್ಬಮ್ ಕಳಿಸಿದಳು. ಹೆಸರು 'ಒಫಿಸಿಯಮ್'. ನಾಲ್ಕು ಜನ ಗಂಡಸರು ಚರ್ಚಿನಲ್ಲಿ ಹಾಡುವ ಹಾಗೆ ನಿಧಾನಕ್ಕೆ ಹಾಡುತ್ತಾರೆ. ಅವರ ಮೇಲೆ, ಪಕ್ಕದಲ್ಲಿ, ಹಿಂದೆ ಒಂದು ಸ್ಯಾಕ್ಸೋಫೋನ್ ಓಡಾಡುತ್ತದೆ. ನಾನು ಅಲ್ಲಾಡದೆ ಕೂತು ಕೇಳಿದೆ. ಒಳಗಿನಿಂದ ಬಂದ ನನ್ನ ಹೆಂಡತಿ 'ಯಾರ ಮನೆಯಲ್ಲಿ ಏನಾಯಿತು?' ಅಂತ ಕೇಳಿದಳು.

ಹುಡುಕಿದರೆ ನಾರ್ವೆಯ ಜಾನ್ ಗಾರ್ಬಾರೆಕ್ ಅಂತ ಬಂತು, ಜಾಝ್ ಕಲಾವಿದ ಅಂತ. ಜಾಝ್ ಅಂದರೆ ಹೋಟೆಲ್ ಲಾಬಿಯಲ್ಲಿ ಟೈ ಕಟ್ಟಿಕೊಂಡು ಬಾರಿಸುವುದು ಅಂದುಕೊಂಡಿದ್ದೆ ನಾನು. ಇದು ಹೇಗೆ ಜಾಝ್ ಆಗುತ್ತದೆ? ಈ ಮನುಷ್ಯ ಯಾರು? ಮುಂದೆ ಏನು ಕೇಳಲಿ? ಗೊತ್ತಿದ್ದವರು ಹೇಳಿ.

ಓಸ್ಲೋ_ಚಳಿ
ಮೊದಲು ಹೆಸರು ಸರಿ ಮಾಡೋಣ. ಜಾನ್ ಅಲ್ಲ, ಯಾನ್. ಇಲ್ಲಿ ನಾರ್ವೆಯಲ್ಲಿ J ಅಕ್ಷರಕ್ಕೆ ಯ ಉಚ್ಚಾರಣೆ. ನಾನೂ ಬಂದ ಹೊಸದರಲ್ಲಿ ಆಫೀಸಿನ ಒಬ್ಬರನ್ನು ಆರು ತಿಂಗಳು ತಪ್ಪಾಗಿ ಕರೆದಿದ್ದೇನೆ. ಪಾಪ, ಒಂದು ದಿನವೂ ತಿದ್ದಲಿಲ್ಲ.

ತುಂಗಾತೀರ
ಸರಿ ಸಾರ್, ಯಾನ್. ತಲೆಬರಹ ಬದಲಾಯಿಸಿದೆ.

ಹಳೆ_ಕ್ಯಾಸೆಟ್
ಒಳ್ಳೆ ಬಾಗಿಲಿನಿಂದಲೇ ಒಳಗೆ ಬಂದಿದ್ದೀರಿ, ಆದರೆ ಅದು ಮನೆಯ ಹಿಂಬಾಗಿಲು. ಒಫಿಸಿಯಮ್ ರೆಕಾರ್ಡ್ ಆಗಿದ್ದು 1993ರಲ್ಲಿ. ಅಷ್ಟು ಹೊತ್ತಿಗೆ ಗಾರ್ಬಾರೆಕ್ ಮೂವತ್ತು ವರ್ಷ ಸ್ಯಾಕ್ಸ್ ಊದಿ ಆಗಿತ್ತು. ಮೊದಲಿನಿಂದ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹುಟ್ಟಿದ್ದು 4 ಮಾರ್ಚ್ 1947, ನಾರ್ವೆಯ ಮೈಸೆನ್ ಎಂಬ ಊರಲ್ಲಿ. (ನಮ್ಮ ಮೈಸೂರಿಗೂ ಅದಕ್ಕೂ ಏನೂ ಸಂಬಂಧವಿಲ್ಲ, ಯಾರೂ ಕಥೆ ಕಟ್ಟಬೇಡಿ.) ಅಪ್ಪ ಪೋಲೆಂಡಿನವರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರಿಗೆ ಸೆರೆಸಿಕ್ಕು ನಾರ್ವೆಗೆ ಬಂದವರು. ಅಮ್ಮ ಅಲ್ಲಿನ ರೈತರ ಮಗಳು. ಹುಡುಗ ಬೆಳೆದದ್ದು ಓಸ್ಲೋದಲ್ಲಿ. ಏಳು ವರ್ಷದವರೆಗೆ ಅವನಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ಮುಂದೆ ಇವರನ್ನೇ ನಾರ್ವೆಯ ದನಿ ಅಂತ ಜಗತ್ತು ಕರೆಯಿತು ನೋಡಿ.

1961ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ರೇಡಿಯೋದಲ್ಲಿ ಅಮೆರಿಕದ ಸ್ಯಾಕ್ಸ್ ದಿಗ್ಗಜ ಜಾನ್ ಕೋಲ್ಟ್ರೇನ್ ಕೇಳಿದ. ಮುಗಿಯಿತು ಕಥೆ. ಅಪ್ಪ ಅಮ್ಮನಿಗೆ ದುಂಬಾಲು ಬಿದ್ದ. ವಾದ್ಯ ಕೈಗೆ ಬರುವ ಮೊದಲೇ ಒಂದು ಪುಸ್ತಕ ನೋಡಿಕೊಂಡು ಬೆರಳು ಎಲ್ಲೆಲ್ಲಿ ಇಡಬೇಕು ಅಂತ ಕಲಿತಿದ್ದ. ಸ್ಯಾಕ್ಸ್ ಇಲ್ಲದೆ ಸ್ಯಾಕ್ಸ್ ಅಭ್ಯಾಸ! ಮರುವರ್ಷವೇ ಹವ್ಯಾಸಿಗಳ ಜಾಝ್ ಸ್ಪರ್ಧೆ ಗೆದ್ದ.

ಬೆಣ್ಣೆದೋಸೆ
ವಾದ್ಯ ಇಲ್ಲದೆ ಅಭ್ಯಾಸ ಮಾಡಿದವನು ಸ್ಪರ್ಧೆ ಗೆದ್ದ. ನಮ್ಮ ಮನೆಯಲ್ಲಿ ಕೀಬೋರ್ಡ್ ಇದ್ದೂ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತಾರೆ.

ಜಾಝ್_ಜಗಳಗಂಟ
ಈಗ ನಾನು ಬಂದೆ, ಬೈಸಿಕೊಳ್ಳುವುದಕ್ಕೆ. ಗಾರ್ಬಾರೆಕ್ ಅಂದರೆ ಒಂದೇ ದನಿ, ಒಂದೇ ಪ್ರತಿಧ್ವನಿ, ಒಂದೇ ಮಂಜು. ನಲವತ್ತು ವರ್ಷ ಅದೇ. ಯಾವುದೋ ಸ್ಪಾದಲ್ಲಿ ಹಾಕುವ ಸಂಗೀತ. ಜಾಝ್ ಅಂದರೆ ಸ್ವಿಂಗ್ (ಆ ತೂಗುವ ಲಯ) ಇರಬೇಕು, ಬ್ಲೂಸ್ (ಕರಿಯರ ನೋವಿನ ಹಾಡಿನ ಧಾಟಿ) ಇರಬೇಕು, ಬೆವರು ಇರಬೇಕು. ಇವರಲ್ಲಿ ಬೆವರೇ ಇಲ್ಲ. ಆ ಚಳಿಯಲ್ಲಿ ಎಲ್ಲಿಂದ ಬರಬೇಕು ಬಿಡಿ.

ಓಸ್ಲೋ_ಚಳಿ
ಇಲ್ಲಿ ಬೇಸಿಗೆಯೂ ಬರುತ್ತದೆ ಸ್ವಾಮಿ. ಜುಲೈನಲ್ಲಿ ರಾತ್ರಿ ಹತ್ತಕ್ಕೂ ಬೆಳಕು ಇರುತ್ತದೆ. ಜನ ಐಸ್‌ಕ್ರೀಮ್ ತಿನ್ನುತ್ತಾ ಕೂತಿರುತ್ತಾರೆ.

ಹಳೆ_ಕ್ಯಾಸೆಟ್
@ಜಾಝ್_ಜಗಳಗಂಟ, 'ಆಫ್ರಿಕ್ ಪೆಪ್ಪರ್‌ಬರ್ಡ್' ಕೇಳಿದ್ದೀರಾ? 1970ರಲ್ಲಿ ಓಸ್ಲೋದಲ್ಲಿ ರೆಕಾರ್ಡ್ ಆದದ್ದು. ಗಿಟಾರ್ ತೆರ್ಯೆ ರಿಪ್ಡಾಲ್, ಬೇಸ್ ಆರಿಲ್ಡ್ ಆಂಡರ್ಸನ್, ಡ್ರಮ್ಸ್ ಯೂನ್ ಕ್ರಿಸ್ಟೆನ್ಸನ್. ಅದರಲ್ಲಿ ಗಾರ್ಬಾರೆಕ್ ಕಿರುಚುತ್ತಾರೆ, ಗುರುಗುಟ್ಟುತ್ತಾರೆ, ಬೇಸ್ ಸ್ಯಾಕ್ಸ್ ಹಿಡಿದು ಎಮ್ಮೆ ಕೂಗಿದ ಹಾಗೆ ಊದುತ್ತಾರೆ. ಮಂಜಿನ ಹನಿಯೂ ಇಲ್ಲ. ಆಗ ಅವರ ತಲೆಯಲ್ಲಿದ್ದವರು ಅಮೆರಿಕದ ಬಿರುಸಿನ ಸ್ಯಾಕ್ಸ್ ವಾದಕರಾದ ಆಲ್ಬರ್ಟ್ ಐಲರ್, ಫೇರೋ ಸ್ಯಾಂಡರ್ಸ್.

ಅದಕ್ಕೂ ಮೊದಲು ಒಂದು ಕೊಂಡಿ ಇದೆ. ಅಮೆರಿಕದ ಜಾರ್ಜ್ ರಸೆಲ್ ಅರವತ್ತರ ದಶಕದಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ನೆಲೆಸಿದ್ದರು. ಸಂಗೀತ ಬರೆಯುವವರು, ದೊಡ್ಡ ಚಿಂತಕರು. 1965ರಲ್ಲಿ ಮೋಲ್ದೆ ಜಾಝ್ ಉತ್ಸವದಲ್ಲಿ ಹದಿನೆಂಟರ ಹುಡುಗ ಊದುವುದನ್ನು ಕೇಳಿ ಬೆರಗಾದರು. ತಮ್ಮ ತಂಡಕ್ಕೆ ಸೇರಿಸಿಕೊಂಡರು, ತಮ್ಮ ಸ್ವರ ಸಿದ್ಧಾಂತ ಕಲಿಸಿದರು. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ನಂತರ ಯೂರೋಪ್ ಕೊಟ್ಟ ಪ್ರತಿಭೆ ಇವನೇ ಎಂಬ ಅರ್ಥದಲ್ಲಿ ಹೊಗಳಿದ್ದು ರಸೆಲ್ಲೇ. ಕರಿಯರ ಸಂಗೀತದ ಒಳಗೇ ಬೆಳೆದ ಅಮೆರಿಕನ್ ಒಬ್ಬರು ಹಾಗೆ ಹೇಳಿದರೆ ಬ್ಲೂಸ್ ಗೊತ್ತಿಲ್ಲದವನು ಅನ್ನುವುದು ಹೇಗೆ?

ಜಾಝ್_ಜಗಳಗಂಟ
ಆ ಆಲ್ಬಮ್ ಕೇಳಿಲ್ಲ. ಕೇಳಿ ಬಂದು ಬೈತೀನಿ.

ಸುಮ್ನೆ_ಬಂದೆ
ಪಾಪ್‌ಕಾರ್ನ್ ತಂದೆ.

ಕುಡ್ಲದ_ಹುಡುಗ
ಸ್ಯಾಕ್ಸೋಫೋನ್ ಅಂದ ಮೇಲೆ ನಮ್ಮ ಕದ್ರಿ ಗೋಪಾಲನಾಥರ ಹೆಸರು ಇನ್ನೂ ಯಾಕೆ ಬರಲಿಲ್ಲ ಮಾರಾಯ್ರೆ? ನಮ್ಮ ಕಡೆ ಮದುವೆ ಇದ್ದರೆ, ದೇವಸ್ಥಾನದ ಉತ್ಸವ ಇದ್ದರೆ ಸ್ಯಾಕ್ಸ್ ಇದ್ದೇ ಇರುತ್ತದೆ. ನಾಗಸ್ವರದ ಜಾಗದಲ್ಲಿ ಕೂತುಬಿಟ್ಟಿದೆ. ನಾನು ಚಿಕ್ಕವನಿದ್ದಾಗ ಅದು ಮಂಗಳೂರಿನದೇ ವಾದ್ಯ ಅಂದುಕೊಂಡಿದ್ದೆ. ಬೆಲ್ಜಿಯಂನವರು ಮಾಡಿದ್ದು ಅಂತ ಶಾಲೆಯಲ್ಲಿ ಕೇಳಿದಾಗ ಬೇಜಾರಾಯಿತು.

ಮಂದ್ರ_ಷಡ್ಜ
ಕದ್ರಿಯವರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸ್ ಕೇಳಿ ಮನಸ್ಸು ಕೊಟ್ಟವರು ಗೋಪಾಲನಾಥರು. ಅದರಲ್ಲಿ ಗಮಕ (ಸ್ವರವನ್ನು ಅಲುಗಿಸಿ ನುಡಿಸುವುದು) ತರುವುದಕ್ಕೆ ವರ್ಷಗಟ್ಟಲೆ ಒದ್ದಾಡಿದರು, ವಾದ್ಯವನ್ನೇ ಬೇಕಾದ ಹಾಗೆ ಮಾರ್ಪಾಡು ಮಾಡಿಕೊಂಡರು. ಒಬ್ಬರು ರೇಡಿಯೋ ಕೇಳಿ ಹುಚ್ಚು ಹಿಡಿಸಿಕೊಂಡರು, ಇನ್ನೊಬ್ಬರು ಅರಮನೆ ಬ್ಯಾಂಡ್ ಕೇಳಿ. ವಯಸ್ಸಿನಲ್ಲೂ ಹೆಚ್ಚು ಅಂತರವಿಲ್ಲ. ಗಾರ್ಬಾರೆಕ್ 1947, ಕದ್ರಿ 1949.

ಕುಡ್ಲದ_ಹುಡುಗ
ಅವರಿಬ್ಬರೂ ಒಟ್ಟಿಗೆ ಬಾರಿಸಿದ್ದಾರಲ್ಲ, ಮುಂಬೈನ ಜಾಝ್ ಯಾತ್ರಾ ಉತ್ಸವದಲ್ಲಿ?

ಮಂದ್ರ_ಷಡ್ಜ
ನೀವು ಹೇಳುತ್ತಿರುವುದು 1980ರ ಜಾಝ್ ಯಾತ್ರಾ. ಅಲ್ಲಿ ಕದ್ರಿಯವರ ಜೊತೆ ಬಾರಿಸಿದ್ದು ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ. ಆಮೇಲೆ ಇನ್ನೊಬ್ಬ ಸ್ಯಾಕ್ಸ್ ವಾದಕ ರುದ್ರೇಶ್ ಮಹಂತಪ್ಪ ಜೊತೆ 2008ರಲ್ಲಿ 'ಕಿನ್ಸ್‌ಮೆನ್' ಆಲ್ಬಮ್ ಬಂತು. ರುದ್ರೇಶ್ ಹುಟ್ಟಿದ್ದು ಇಟಲಿ, ಬೆಳೆದದ್ದು ಅಮೆರಿಕ, ಮೂಲ ನಮ್ಮ ಕಡೆಯದು. ಅವರ ಅಣ್ಣ ತಮಾಷೆಗೆ ಅಂತ ಕದ್ರಿಯವರ ರೆಕಾರ್ಡ್ ಕೊಟ್ಟರಂತೆ. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ.

ತುಂಗಾತೀರ
ಅಯ್ಯೋ, ನನ್ನ ನಾರ್ವೆಯವನನ್ನು ಬಿಟ್ಟು ಎಲ್ಲರೂ ಕದ್ರಿ ಗುಡ್ಡ ಹತ್ತಿದಿರಿ. ಒಫಿಸಿಯಮ್ ಬಗ್ಗೆ ಹೇಳಿ ಯಾರಾದರೂ.

ಲೆಸ್ಟರ್_ಕನ್ನಡತಿ
ನಾನು ಹೇಳುತ್ತೇನೆ, ಯಾಕೆಂದರೆ ಕಣ್ಣಾರೆ ನೋಡಿದ್ದೇನೆ. 2014ರಲ್ಲಿ, ಒಫಿಸಿಯಮ್‌ನಲ್ಲಿ ಹಾಡಿದ ಆ ನಾಲ್ವರ ಹಿಲಿಯರ್ಡ್ ಎನ್ಸಾಂಬಲ್ ತಂಡ ಮುಚ್ಚುವ ವರ್ಷ. ನಲವತ್ತು ವರ್ಷ ಹಾಡಿದ ತಂಡ ಅದು. ಇಂಗ್ಲೆಂಡಿನ ಒಂದು ಹಳೆ ಚರ್ಚಿನಲ್ಲಿ ಗಾರ್ಬಾರೆಕ್ ಜೊತೆ ಕಾರ್ಯಕ್ರಮ. ಟಿಕೆಟ್ ತೆಗೆಸಿದ್ದು ನನ್ನ ಗಂಡ. ನಾನು ಥರ್ಮಲ್ ಹಾಕಿಕೊಂಡು, ಮೇಲೆ ಶಾಲು ಹೊದ್ದು, ಬೈದುಕೊಳ್ಳುತ್ತಾ ಹೋದೆ.

ದೀಪ ಕಡಿಮೆ ಆಯಿತು. ವೇದಿಕೆಯ ಮೇಲೆ ಯಾರೂ ಇಲ್ಲ. ಹಿಂದಿನಿಂದ ಎಲ್ಲೋ ಸ್ಯಾಕ್ಸ್ ಶುರುವಾಯಿತು. ಎಲ್ಲರ ತಲೆ ತಿರುಗಿತು. ಹಾಡುಗಾರರು ಬೇರೆ ಬೇರೆ ಮೂಲೆಯಿಂದ ಹಾಡುತ್ತಾ ನಡೆದು ಬಂದರು. ಗಾರ್ಬಾರೆಕ್ ಕಂಬಗಳ ಮಧ್ಯೆ ನಡೆಯುತ್ತಾ ಊದುತ್ತಾರೆ. ಹತ್ತಿರ ಬಂದಾಗ ಬೆರಳು ಕೀಲಿಗಳ ಮೇಲೆ ಬೀಳುವ ಟಕ್ ಟಕ್ ಕೂಡ ಕೇಳುತ್ತಿತ್ತು. ದೂರ ಹೋದಾಗ ಕಲ್ಲಿನ ಚಾವಣಿಯೇ ಊದುತ್ತಿದೆ ಅನ್ನಿಸುತ್ತಿತ್ತು. ಮೈಕ್ ಇದ್ದ ನೆನಪಿಲ್ಲ. ಮುಗಿದ ಮೇಲೆ ಎಷ್ಟೋ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬಜ್ಜ ಮೂಗು ಒರೆಸಿಕೊಂಡರು, ಅದೇ ದೊಡ್ಡ ಸದ್ದು.

@ಜಗಳಗಂಟರೇ, ಅದು ಪ್ರತಿಧ್ವನಿ ಮಿಷನ್ ಅಲ್ಲ. ಕಟ್ಟಡವೇ ಅವರ ವಾದ್ಯ.

ಹಳೆ_ಕ್ಯಾಸೆಟ್
ಸೇರಿಸುತ್ತೇನೆ. ಮೂಲ ರೆಕಾರ್ಡಿಂಗ್ ಆಗಿದ್ದು ಆಸ್ಟ್ರಿಯಾದ ಬೆಟ್ಟದ ಮೇಲಿನ ಸಾಂಕ್ಟ್ ಗೆರೋಲ್ಡ್ ಎಂಬ ಮಠದಲ್ಲಿ. ಹಾಡುಗಳು ಮಧ್ಯಯುಗದವು, ಕೆಲವು ಹದಿನಾರನೇ ಶತಮಾನದವು. ಸ್ಪೇನಿನ ಕ್ರಿಸ್ಟೋಬಾಲ್ ದೆ ಮೊರಾಲೆಸ್ ರಚಿಸಿದ ಒಂದು ಪ್ರಾರ್ಥನೆ ಆಲ್ಬಮಿನಲ್ಲಿ ಮೂರು ಸಲ ಬರುತ್ತದೆ. ಹಾಡುಗಾರರದ್ದು ಬರೆದಿಟ್ಟ ಸ್ವರ. ಗಾರ್ಬಾರೆಕ್‌ದು ಪೂರ್ತಿ ಅಲ್ಲೇ ಹುಟ್ಟಿದ್ದು. ಇದೇ ತುಂಗಾತೀರ ಅವರ ಪ್ರಶ್ನೆಗೆ ಉತ್ತರ. ಎದುರಿಗಿರುವವರನ್ನು ಕೇಳಿಸಿಕೊಂಡು ಆ ಗಳಿಗೆಯಲ್ಲಿ ಉತ್ತರ ಕೊಡುವುದು ಜಾಝ್. ಟೈ ಕಟ್ಟಿದ್ದಾರಾ ಇಲ್ವಾ ಮುಖ್ಯ ಅಲ್ಲ.

10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಲ್ಯಾಟಿನ್ ಪ್ರಾರ್ಥನೆಗೆ ಸ್ಯಾಕ್ಸ್ ಸೇರಿಸಿದರೆ ಯಾರು ಕೊಳ್ಳುತ್ತಾರೆ ಅಂತ ಯಾವ ಅಂಗಡಿಯವನಾದರೂ ಕೇಳುತ್ತಿದ್ದ.

ಜಾಝ್_ಜಗಳಗಂಟ
10 ಲಕ್ಷ ಮಾರಿತು ಅನ್ನುವುದೇ ನನಗೆ ಅನುಮಾನ ಹುಟ್ಟಿಸುತ್ತದೆ.

ಬೆಣ್ಣೆದೋಸೆ
ಅಣ್ಣಾ, ಮಾರಾಟ ಆಗದಿದ್ದರೂ ಬೈತೀರಿ, ಆದರೂ ಬೈತೀರಿ.

ಧಾರವಾಡ_ಪೇಡಾ
ಅಲ್ರೀ, ನಮ್ಮವರ ಜೊತೆ ಬಾರಿಸಿದ್ದು ಯಾರೂ ಹೇಳಲಿಲ್ಲಲ್ಲ? 'ರಾಗಾಸ್ ಅಂಡ್ ಸಾಗಾಸ್'. ಪಾಕಿಸ್ತಾನದ ಉಸ್ತಾದ್ ಫತೇ ಅಲಿ ಖಾನ್ ಜೊತೆ.

ಕುಡ್ಲದ_ಹುಡುಗ
ಓ, ಕವ್ವಾಲಿಯ ನುಸ್ರತ್ ಫತೇ ಅಲಿ ಖಾನ್! ಅವರು ಗೊತ್ತು.

ಧಾರವಾಡ_ಪೇಡಾ
ಅಲ್ಲೇ ಎಲ್ಲರೂ ಎಡವೋದು. ಅವರು ಬೇರೆ, ಇವರು ಬೇರೆ. ಇವರು ಪಟಿಯಾಲಾ ಘರಾಣೆಯವರು. ಅಮಾನತ್ ಅಲಿ, ಫತೇ ಅಲಿ ಅಂತ ಅಣ್ಣ ತಮ್ಮಂದಿರ ಜೋಡಿ ಹಾಡುತ್ತಿತ್ತಲ್ಲ, ಅದರಲ್ಲಿ ತಮ್ಮ. ಅಪ್ಪಟ ಖಯಾಲ್ ಗಾಯಕರು. 2017ರಲ್ಲಿ ತೀರಿಕೊಂಡರು.

ರೆಕಾರ್ಡ್ ಆಗಿದ್ದು 1990ರಲ್ಲಿ, ಓಸ್ಲೋದಲ್ಲೇ. ತಬಲಾ ಉಸ್ತಾದ್ ಶೌಕತ್ ಹುಸೇನ್, ಸಾರಂಗಿ ನಾಜಿಮ್ ಅಲಿ ಖಾನ್. ಡ್ರಮ್ಸ್ ಮನು ಕಾಚೆ. ನನ್ನ ತಕರಾರು ಒಂದೇ ಐತಿ. ಐದು ತುಣುಕು ಅದಾವ, ಅದರಾಗ ನಾಲ್ಕಕ್ಕೆ ರಾಗ ಒಂದು, ರಾಗ ಎರಡು ಅಂತ ನಂಬರ್ ಕೊಟ್ಟಾರ. ರಾಗದ ಹೆಸರು ಬರೆಯೋದಕ್ಕೆ ಏನಾಗಿತ್ತು? ರೇಷನ್ ಅಂಗಡಿ ಟೋಕನ್ ಏನ್ರೀ ಅದು?

ಓಸ್ಲೋ_ಚಳಿ
ಆ ಆಲ್ಬಮಿನಲ್ಲಿ ದೀಪಿಕಾ ತಥಾಲ್ ಅಂತ ಒಬ್ಬ ಹುಡುಗಿಯ ದನಿಯೂ ಇದೆ. ನಾರ್ವೆಯಲ್ಲೇ ಹುಟ್ಟಿದವಳು, ಆಗ ಇನ್ನೂ ಹದಿಮೂರರ ಆಸುಪಾಸು. ಅವಳೇ ಮುಂದೆ ದಿಯಾ ಖಾನ್ ಅಂತ ಸಾಕ್ಷ್ಯಚಿತ್ರ ನಿರ್ದೇಶಕಿ ಆದಳು. ಎಮ್ಮಿ ಪ್ರಶಸ್ತಿ ಬಂದಿದೆ. ಇಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು.

ಮಂದ್ರ_ಷಡ್ಜ
ರಾಗಾಸ್ ಅಂಡ್ ಸಾಗಾಸ್ ಹತ್ತು ವರ್ಷದ ಹಿಂದೆ ಕೇಳಿ 'ಛೇ, ಈ ಮನುಷ್ಯನಿಗೆ ಗಮಕ ಬರಲ್ಲ' ಅಂತ ಬಿಟ್ಟಿದ್ದೆ. ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಮತ್ತೆ ಕೇಳಿದೆ. ನನ್ನದೇ ತಪ್ಪು ಅನ್ನಿಸಿತು.

ಅವರು ಗಮಕ ಮಾಡಲು ಹೋಗುವುದೇ ಇಲ್ಲ. ಉಸ್ತಾದರು ತಾನ್ ಬಿಟ್ಟು ಮೇಲೆ ಕೆಳಗೆ ಓಡುತ್ತಿರುವಾಗ ಇವರು ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ಆ ಸ್ವರವೂ ಪೂರ್ತಿ ಅಲುಗಾಡದೆ ಇರುವುದಿಲ್ಲ. ಕೊನೆಯಲ್ಲಿ ಒಂದು ಚೂರು ಬಾಗುತ್ತದೆ, ಯಾರನ್ನೋ ದೂರದಿಂದ ಕರೆದ ಹಾಗೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಮ್ಮ ಜಾರು ಅಲ್ಲ ಅದು, ಹಿಂದೂಸ್ತಾನಿಯವರ ಮೀಂಡ್ ಅಲ್ಲ. ಬೇರೆ ಎಲ್ಲಿಂದಲೋ ಬಂದದ್ದು. ಎಲ್ಲಿಂದ ಅಂತ ಗೊತ್ತಿದ್ದವರು ಹೇಳಿ.

ನಮ್ಮ ಸಂಗೀತದ ಜೊತೆ ಜುಗಲ್‌ಬಂದಿಗೆ ಬರುವ ಹೊರಗಿನವರಲ್ಲಿ ಎಷ್ಟೋ ಜನ ಎರಡು ವಾರ ಕಲಿತು ನಮ್ಮ ಹಾಗೇ ಊದಲು ಹೋಗುತ್ತಾರೆ. ಮದುವೆಗೆ ಬಂದ ವಿದೇಶಿ ಅತಿಥಿಗೆ ಪಂಚೆ ಉಡಿಸಿದ ಹಾಗೆ, ಯಾವ ಗಳಿಗೆಯಲ್ಲಿ ಜಾರುತ್ತದೋ ಅಂತ ನಮಗೇ ಆತಂಕ. ಇವರು ತಮ್ಮ ಬಟ್ಟೆಯಲ್ಲೇ ಬಂದು ಕೂತಿದ್ದಾರೆ.

ಓಸ್ಲೋ_ಚಳಿ
ಆ ಕರೆಯುವ ದನಿ ಎಲ್ಲಿಂದ ಅಂದರೆ, ನಿಜವಾಗಿಯೂ ಕರೆಯುವುದರಿಂದಲೇ. ಇಲ್ಲಿ ಬೇಸಿಗೆಯಲ್ಲಿ ದನ, ಆಡುಗಳನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಒಯ್ಯುತ್ತಿದ್ದರು. ಹೆಂಗಸರು ಅಲ್ಲೇ ಗುಡಿಸಲಿನಲ್ಲಿ ಉಳಿದು ಹಾಲು ಕರೆದು ಬೆಣ್ಣೆ, ಚೀಸ್ ಮಾಡುತ್ತಿದ್ದರು. ಸಂಜೆ ದನ ಕರೆಯುವುದಕ್ಕೆ ತೀರಾ ಮೇಲಿನ ದನಿಯಲ್ಲಿ ರಾಗವಾಗಿ ಕೂಗುತ್ತಾರೆ. ಕಣಿವೆಯ ಆಚೆಗೂ ಕೇಳುತ್ತದೆ. ಅದಕ್ಕೆ ಲೊಕ್ ಅನ್ನುತ್ತಾರೆ. ಗಾರ್ಬಾರೆಕ್ ಸ್ಯಾಕ್ಸ್‌ನ ಮೇಲಿನ ಸ್ವರಗಳನ್ನು ಒಮ್ಮೆ ಕೇಳಿ, ಆಮೇಲೆ ಲೊಕ್ ಕೇಳಿ. ಗೊತ್ತಾಗುತ್ತದೆ.

ತಮಾಷೆ ಏನೆಂದರೆ ಅವರು ಓಸ್ಲೋ ನಗರದ ಹುಡುಗ. ಇದನ್ನೆಲ್ಲ ಹುಡುಕಿಕೊಂಡು ಹೋಗಲು ಹೇಳಿದವರು ಅಮೆರಿಕದ ತುತ್ತೂರಿ ಕಲಾವಿದ ಡಾನ್ ಚೆರ್ರಿ. ನಿಮ್ಮ ಜನಪದ ಸಂಗೀತ ಎಲ್ಲಿ ಅಂತ ಕೇಳಿದ್ದು ಅವರೇ. ಆಮೇಲೆ ಗಾರ್ಬಾರೆಕ್ ಆಗ್ನೆಸ್ ಬ್ಯೂನ್ ಗರ್ನೋಸ್ ಎಂಬ ಜನಪದ ಗಾಯಕಿಯ ಜೊತೆ 'ರೋಸೆನ್ಸ್‌ಫೋಲೆ' ಮಾಡಿದರು, 1988ರಲ್ಲಿ. ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಯೋಯ್ಕ್ ಹಾಡುಗಾರಿಕೆಯನ್ನೂ ತಂದರು. 'ಐ ಟುಕ್ ಅಪ್ ದ ರೂನ್ಸ್' ಆಲ್ಬಮಿನಲ್ಲಿ ಸಾಮಿ ಗಾಯಕಿ ಮಾರಿ ಬೋಯ್ನೆಯವರ ಹಾಡನ್ನು ಎತ್ತಿಕೊಂಡಿದ್ದಾರೆ. ಸಾಮಿ ಜನರ ಭಾಷೆ, ಹಾಡು ಎರಡನ್ನೂ ಇಲ್ಲಿಯ ಶಾಲೆಗಳಲ್ಲಿ ಬಹಳ ಕಾಲ ಅದುಮಿಟ್ಟಿದ್ದರು. ಹಾಗಾಗಿ ಅದು ಸುಮ್ನೆ ಅಲಂಕಾರಕ್ಕೆ ಹಾಕಿದ್ದಲ್ಲ ಅಂತ ನನಗೆ ಅನ್ನಿಸುತ್ತದೆ.

ತುಂಗಾತೀರ
ದನ ಕರೆಯುವುದು ಅಂದ ಕೂಡಲೇ ನಮ್ಮ ಅಜ್ಜಿ ನೆನಪಾದರು. ತೀರ್ಥಹಳ್ಳಿ ಹತ್ತಿರದ ಮನೆ. ಸಂಜೆ ಅಂಗಳದ ತುದಿಗೆ ನಿಂತು 'ಅಂಬಾ... ಬಾ ಬಾ ಬಾ' ಅಂತ ಕೂಗಿದರೆ ಎದುರು ಗುಡ್ಡದಿಂದ ಗಂಟೆ ಸದ್ದು ಶುರುವಾಗುತ್ತಿತ್ತು. ಒಂದೊಂದು ದನಕ್ಕೆ ಒಂದೊಂದು ರಾಗ. ನಮ್ಮ ಕೌಲಿ ಎಂಬ ಹಸು ಮಾತ್ರ ಎಷ್ಟು ಕೂಗಿದರೂ ಬರುತ್ತಿರಲಿಲ್ಲ. ಅದಕ್ಕೆ ಬಹುಶಃ ಜಾಝ್ ಬೇಕಿತ್ತು.

ಸುಮ್ನೆ_ಬಂದೆ
ಕೌಲಿ ಫ್ಯಾನ್ ಕ್ಲಬ್ ಎಲ್ಲಿ ಸೇರಬೇಕು?

ಧಾರವಾಡ_ಪೇಡಾ
ಇನ್ನೊಂದು ಹೇಳ್ತೀನಿ, ಎದೆ ಉಬ್ಬಿಸಿಕೊಳ್ಳಿ. ಗಾರ್ಬಾರೆಕ್ ತಂಡದಲ್ಲಿ ಈಚಿನ ವರ್ಷಗಳಲ್ಲಿ ತಾಳವಾದ್ಯ ಬಾರಿಸುವವರು ತ್ರಿಲೋಕ್ ಗುರ್ಟು. ಮುಂಬೈಯವರು. ಅವರ ತಾಯಿ ಠುಮ್ರಿ ಗಾಯಕಿ ಶೋಭಾ ಗುರ್ಟು. ಆ ತಾಯಿ ಹುಟ್ಟಿದ್ದು ಎಲ್ಲಿ? ನಮ್ಮ ಬೆಳಗಾವಿ! ಓಸ್ಲೋಕ್ಕೂ ಬೆಳಗಾವಿಗೂ ಒಂದೇ ಕೈ ಅಳತೆ ನೋಡ್ರಿ.

ಬೆಣ್ಣೆದೋಸೆ
ಇನ್ನು ಸ್ವಲ್ಪ ಹೊತ್ತಿಗೆ ಗಾರ್ಬಾರೆಕ್ ದಾವಣಗೆರೆಯವರು ಅಂತ ನಾನೂ ಸಾಬೀತು ಮಾಡುತ್ತೇನೆ.

ಹಳೆ_ಕ್ಯಾಸೆಟ್
ಧಾರವಾಡದವರು ಹೇಳಿದ್ದು ಸರಿ. ತ್ರಿಲೋಕ್ ಜೊತೆ ನಂಟು ಇನ್ನೂ ಹಳೆಯದು. ಪಿಟೀಲಿನ ಎಲ್. ಶಂಕರ್ 1984ರಲ್ಲಿ ಮಾಡಿದ 'ಸಾಂಗ್ ಫಾರ್ ಎವ್ರಿವನ್' ಆಲ್ಬಮಿನಲ್ಲಿ ಗಾರ್ಬಾರೆಕ್, ತ್ರಿಲೋಕ್, ಜಾಕಿರ್ ಹುಸೇನ್ ಮೂವರೂ ಇದ್ದಾರೆ. 1986ರ ಡಿಸೆಂಬರಿನಲ್ಲಿ ಜಾಕಿರ್ ಅವರ 'ಮೇಕಿಂಗ್ ಮ್ಯೂಸಿಕ್' ಓಸ್ಲೋದಲ್ಲಿ ರೆಕಾರ್ಡ್ ಆಯಿತು. ಅದರಲ್ಲಿ ಹರಿಪ್ರಸಾದ್ ಚೌರಾಸಿಯಾ ಕೊಳಲು, ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಗಾರ್ಬಾರೆಕ್ ಸ್ಯಾಕ್ಸ್. ಕೊಳಲೂ ಸ್ಯಾಕ್ಸೂ ಒಂದಕ್ಕೊಂದು ದಾರಿ ಬಿಟ್ಟುಕೊಡುವುದನ್ನು ಕೇಳಬೇಕು. ಜಾಕಿರ್ ಭಾಯಿ 2024ರ ಡಿಸೆಂಬರಿನಲ್ಲಿ ಹೋದ ರಾತ್ರಿ ನಾನು ಹಾಕಿಕೊಂಡು ಕೂತಿದ್ದು ಇದನ್ನೇ.

ಜಾಝ್_ಜಗಳಗಂಟ
ಆಫ್ರಿಕ್ ಪೆಪ್ಪರ್‌ಬರ್ಡ್ ಕೇಳಿ ಬಂದೆ. ಎರಡು ಸಲ.

ಒಪ್ಪಿದೆ. ಬೆವರು ಇದೆ. ಬೆವರೇನು, ಪಕ್ಕದ ಮನೆಯವರು ಗೋಡೆ ಬಡಿದರು. ಆದರೆ ಇದರಿಂದ ನನ್ನ ಸಿಟ್ಟು ಜಾಸ್ತಿಯಾಯಿತು. ಇಷ್ಟು ಬೆಂಕಿ ಇದ್ದವರು ಆಮೇಲೆ ಯಾಕೆ ಆರಿಸಿಕೊಂಡರು? ಇವರ ಆಲ್ಬಮ್ ತರುವ ಮ್ಯೂನಿಕ್‌ನ ಇಸಿಎಂ ರೆಕಾರ್ಡ್ ಕಂಪನಿ, ಅದರ ಮಾನ್ಫ್ರೆಡ್ ಐಶರ್, ಆ ಬೂದು ಬಣ್ಣದ ಕವರ್‌ಗಳು, ಸಿಡಿ ಶುರುವಿನಲ್ಲಿ ಐದು ಸೆಕೆಂಡ್ ಮೌನ. ಕಂಪನಿಯ ರುಚಿಗೆ ತಕ್ಕ ಹಾಗೆ ಇವರು ಆದರು ಅಂತ ನನ್ನ ಅನುಮಾನ.

ಹಳೆ_ಕ್ಯಾಸೆಟ್
ನೀವು ಬೈದ ಪೆಪ್ಪರ್‌ಬರ್ಡ್, ಕ್ಷಮಿಸಿ, ಹೊಗಳಿದ ಪೆಪ್ಪರ್‌ಬರ್ಡ್ ಕೂಡ ಇಸಿಎಂದೇ. ಐಶರ್ 1969ರಲ್ಲಿ ಕಂಪನಿ ಶುರು ಮಾಡಿದರು, ಅವರ ಏಳನೇ ರೆಕಾರ್ಡ್ ಇದು. ಒಬ್ಬರು ಇನ್ನೊಬ್ಬರನ್ನು ಬೆಳೆಸಿದರು ಅನ್ನಿ. ಮತ್ತೆ ಓಸ್ಲೋದ ಸೌಂಡ್ ಎಂಜಿನಿಯರ್ ಯಾನ್ ಎರಿಕ್ ಕಾಂಗ್ಸ್‌ಹೌಗ್ ಅವರನ್ನು ಮರೆಯಬಾರದು. ಆ ಸ್ಪಷ್ಟ ದನಿಯ ಅರ್ಧ ಪಾಲು ಅವರದ್ದು. 2019ರಲ್ಲಿ ತೀರಿಕೊಂಡರು.

ಬೆಂಕಿ ಆರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕಾ? ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರ ಯೂರೋಪಿಯನ್ ಕ್ವಾರ್ಟೆಟ್ (ನಾಲ್ವರ ತಂಡ) ಕೇಳಿ. 1974ರ 'ಬಿಲಾಂಗಿಂಗ್', 1977ರಲ್ಲಿ ರೆಕಾರ್ಡ್ ಆದ 'ಮೈ ಸಾಂಗ್'. ಪಿಯಾನೋ ಅಮೆರಿಕ, ಸ್ಯಾಕ್ಸ್ (ಗಾರ್ಬಾರೆಕ್ಕೇ) ಮತ್ತು ಡ್ರಮ್ಸ್ ನಾರ್ವೆ, ಬೇಸ್ ಸ್ವೀಡನ್‌ನ ಪಾಲೆ ಡಾನಿಯೆಲ್ಸನ್. ಸ್ವಿಂಗ್ ಬೇಕಾದರೆ ಸ್ವಿಂಗ್ ಇದೆ, ಗಾಸ್ಪೆಲ್ (ಕರಿಯರ ಚರ್ಚಿನ ಹಾಡಿನ ಧಾಟಿ) ಬೇಕಾದರೆ ಗಾಸ್ಪೆಲ್ ಇದೆ.

ಜಾಝ್_ಜಗಳಗಂಟ
ಬಿಲಾಂಗಿಂಗ್ ವಿಷಯದಲ್ಲಿ ನನ್ನ ಬಾಯಿ ಬಂದ್. ಅದು ಚಿನ್ನ. ಅಮೆರಿಕದ ರಾಕ್ ತಂಡ ಸ್ಟೀಲಿ ಡ್ಯಾನ್ 1980ರಲ್ಲಿ ಅದರ ಒಂದು ತುಣುಕನ್ನು ಹೆಚ್ಚೂಕಮ್ಮಿ ಎತ್ತಿ 'ಗೌಚೋ' ಹಾಡು ಮಾಡಿದರು. ಜ್ಯಾರೆಟ್ ಕೇಸ್ ಹಾಕಿ ತಮ್ಮ ಹೆಸರು ಸೇರಿಸಿಕೊಂಡರು. 2025ರಲ್ಲಿ ಅಮೆರಿಕದ ಸ್ಯಾಕ್ಸ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಲಿಸ್ ಇಡೀ ಆಲ್ಬಮನ್ನೇ ಹೊಸದಾಗಿ ಬಾರಿಸಿದರು. ಆದರೆ ಅದು ಜ್ಯಾರೆಟ್ ಚಿನ್ನ. ಗಾರ್ಬಾರೆಕ್ ಅದಕ್ಕೆ ಹಾಕಿದ ಹೊಳಪು.

ಮಂದ್ರ_ಷಡ್ಜ
ರಾಗ ಕಟ್ಟಿದವರು ಒಬ್ಬರು, ಹಾಡಿದವರು ಇನ್ನೊಬ್ಬರು ಆದರೆ ಹಾಡಿದವರದ್ದು ಬರೀ ಹೊಳಪಾ? ತ್ಯಾಗರಾಜರ ಕೃತಿ ಹಾಡುವವರೆಲ್ಲ ಪಾಲಿಶ್ ಮಾಡುವವರಾ ಹಾಗಾದರೆ?

ಜಾಝ್_ಜಗಳಗಂಟ
ಅಕ್ಕಾ, ಇದು ಅನ್ಯಾಯದ ಪೆಟ್ಟು.

ಲೆಸ್ಟರ್_ಕನ್ನಡತಿ
ನನಗೆ ಅವರ ತಂಡದ ಬೇಸ್ ವಾದಕ ಎಬರ್‌ಹಾರ್ಡ್ ವೇಬರ್ ಕಥೆ ಯಾವಾಗಲೂ ಕಾಡುತ್ತದೆ. ಎಷ್ಟೋ ವರ್ಷ ಗಾರ್ಬಾರೆಕ್ ಜೊತೆಗಿದ್ದ ಜರ್ಮನ್. 2007ರಲ್ಲಿ ಬರ್ಲಿನ್‌ನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಪಾರ್ಶ್ವವಾಯು ಹೊಡೆಯಿತು. ಮತ್ತೆ ಬೇಸ್ ಹಿಡಿಯಲು ಆಗಲಿಲ್ಲ. ಗಾರ್ಬಾರೆಕ್ ಜೊತೆಗಿನ ಪ್ರವಾಸಗಳಲ್ಲಿ ತಾವು ಬಾರಿಸಿದ್ದ ಸೋಲೋಗಳ ರೆಕಾರ್ಡಿಂಗ್ ಇದ್ದವು. ವೇಬರ್ ಅವನ್ನೇ ಆರಿಸಿ, ಕೀಬೋರ್ಡ್ ಸೇರಿಸಿ 2012ರಲ್ಲಿ 'ರೆಸ್ಯುಮೆ' ಎಂಬ ಆಲ್ಬಮ್ ಮಾಡಿದರು. ಅಲ್ಲಲ್ಲಿ ಗಾರ್ಬಾರೆಕ್ ಬಂದು ಊದಿದ್ದಾರೆ. ಕೈ ನಿಂತ ಮನುಷ್ಯ ತನ್ನ ಹಳೆ ಕೈಯಿಂದ ಹೊಸ ಸಂಗೀತ ಮಾಡಿದ್ದು.

ನಮ್ಮ ಮಾವನವರಿಗೂ ಹಾಗೇ ಆಗಿತ್ತು. ಮೃದಂಗ ನುಡಿಸುತ್ತಿದ್ದರು. ಮನೆಯಲ್ಲಿ ಒಂದೂ ರೆಕಾರ್ಡಿಂಗ್ ಇಲ್ಲ.

ಧಾರವಾಡ_ಪೇಡಾ
ಅಯ್ಯೋ ಅಕ್ಕಾವ್ರ. ಅವರ ಜೊತೆ ಕಛೇರಿಗೆ ಕೂತವರು ಯಾರಾದರೂ ಇದ್ದರೆ ಕೇಳಿ ನೋಡ್ರಿ. ಹಳೆ ಸಭಾಗಳಲ್ಲಿ, ಯಾರದೋ ಅಟ್ಟದ ಮೇಲೆ ಟೇಪು ಇರ್ತಾವ. ನಮ್ಮ ಗುರುಗಳದು ಒಂದು ಟೇಪು ಹಿಂಗೇ ಸಿಕ್ಕಿತ್ತು, ಅಡಿಕೆ ಡಬ್ಬಿಯೊಳಗೆ.

ಲೆಸ್ಟರ್_ಕನ್ನಡತಿ
ಕೇಳಿ ನೋಡುತ್ತೇನೆ. ಥ್ಯಾಂಕ್ಸ್ ರೀ.

ಹೊಸಬ_ಕಿವಿ
ನಡುವೆ ಬಂದೆ, ಕ್ಷಮಿಸಿ. ಇವರು ಊದುವ ಸಣ್ಣ ಸ್ಯಾಕ್ಸ್ ಯಾವುದು? ವಿಡಿಯೋದಲ್ಲಿ ಮಕ್ಕಳ ಆಟಿಕೆ ಹಾಗೆ ಕಾಣುತ್ತದೆ.

ಹಳೆ_ಕ್ಯಾಸೆಟ್
ಅದು ಬಾಗಿದ ಸೊಪ್ರಾನೋ. ಸೊಪ್ರಾನೋ ಸಾಮಾನ್ಯವಾಗಿ ನೆಟ್ಟಗೆ ಇರುತ್ತದೆ, ನಮ್ಮ ಶಹನಾಯಿ ಹಾಗೆ. ಇವರದ್ದು ಬಾಗಿದ್ದು. ಜೊತೆಗೆ ಅದಕ್ಕಿಂತ ದೊಡ್ಡದಾದ ಟೆನರ್ ಸ್ಯಾಕ್ಸ್ ಊದುತ್ತಾರೆ. ಕದ್ರಿಯವರದ್ದು ಆಲ್ಟೋ, ಇವೆರಡರ ಮಧ್ಯದ್ದು.

ತುಂಗಾತೀರ
ಅಬ್ಬಾ, ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟು! ಎಲ್ಲರಿಗೂ ಧನ್ಯವಾದ. ಈಗ ಪಟ್ಟಿ ಹೇಳಿ, ವಾರಾಂತ್ಯದಲ್ಲಿ ಕೇಳುತ್ತೇನೆ. ಇವೆಲ್ಲ ಸಿಗುತ್ತವಾ?

ಓಸ್ಲೋ_ಚಳಿ
ಸಿಗುತ್ತವೆ. ಇಸಿಎಂ ಬಹಳ ವರ್ಷ ಸ್ಟ್ರೀಮಿಂಗ್‌ಗೆ ಕೊಡದೆ ಹಠ ಮಾಡಿತ್ತು. 2017ರ ನವೆಂಬರಿನಲ್ಲಿ ಬಿಟ್ಟುಕೊಟ್ಟರು. ಅದಕ್ಕೂ ಮೊದಲು ನಾನು ಊರಿಗೆ ಬರುವಾಗ ತಂಗಿಗೆ ಚಾಕೊಲೇಟ್, ಭಾವನಿಗೆ ಸಿಡಿ ತರುತ್ತಿದ್ದೆ.

ನನ್ನ ಮತ 'ಡಿಸ್'. 1976ರದ್ದು. ಸಮುದ್ರದ ಗಾಳಿಗೆ ತಾನಾಗಿ ನುಡಿಯುವ ಒಂದು ತಂತಿ ವಾದ್ಯದ ಸದ್ದಿದೆ ಅದರಲ್ಲಿ. ಅದರ ಮೇಲೆ ಸ್ಯಾಕ್ಸ್, ಜೊತೆಗೆ ರಾಲ್ಫ್ ಟೌನರ್ ಗಿಟಾರ್. ನಾನು ಇಲ್ಲಿ ಮೊದಲ ಚಳಿಗಾಲ ಕಳೆದದ್ದು ಅದರ ಜೊತೆ. ಮೂರೂವರೆಗೇ ಕತ್ತಲಾಗುತ್ತಿತ್ತು. ಕೇಳಿ ಖುಷಿಯಾಗುತ್ತಿತ್ತು ಅಂತ ಹೇಳಲಾರೆ. ಆದರೆ ಕಿಟಕಿಯಾಚೆ ಕಾಣುತ್ತಿದ್ದದ್ದು ಪರಕೀಯ ಅನ್ನಿಸುವುದು ನಿಂತಿತು.

ಮಂದ್ರ_ಷಡ್ಜ
ಮೇಕಿಂಗ್ ಮ್ಯೂಸಿಕ್ ಮೊದಲು. ಚೌರಾಸಿಯಾ ಕೊಳಲು ಕೈ ಹಿಡಿದು ಕರೆದುಕೊಂಡು ಹೋಗುತ್ತದೆ.

ಧಾರವಾಡ_ಪೇಡಾ
ರಾಗಾಸ್ ಅಂಡ್ ಸಾಗಾಸ್. ಕೇಳಿ ರಾಗ ಯಾವುದು ಅಂತ ಇಲ್ಲಿ ಬಂದು ಹೇಳಿ. ಸರಿ ಹೇಳಿದವರಿಗೆ ಒಂದು ಕಿಲೋ ಪೇಡಾ.

ಜಾಝ್_ಜಗಳಗಂಟ
ಬಿಲಾಂಗಿಂಗ್. ಆಮೇಲೆ ಪೆಪ್ಪರ್‌ಬರ್ಡ್. ಅಷ್ಟಕ್ಕೇ ನಿಲ್ಲಿಸಿ, ಆರೋಗ್ಯವಾಗಿರಿ.

ಕುಡ್ಲದ_ಹುಡುಗ
ನನ್ನ ಪಟ್ಟಿಯಲ್ಲಿ ಕದ್ರಿ ಮಾತ್ರ. ನಾನು ಬದಲಾಗುವ ಮಾತಿಲ್ಲ.

ತುಂಗಾತೀರ
ಭಾನುವಾರದ ವರದಿ ಒಪ್ಪಿಸುತ್ತಿದ್ದೇನೆ.

ಮೇಕಿಂಗ್ ಮ್ಯೂಸಿಕ್ ಬೆಳಗ್ಗೆ ಹಾಕಿದೆ. ಹೆಂಡತಿ ಅವರೆಕಾಳು ಸುಲಿಯುತ್ತಾ ಕೇಳಿದಳು. ಕೊಳಲು ಬಂದಾಗ ತಲೆದೂಗಿದಳು, ಸ್ಯಾಕ್ಸ್ ಬಂದಾಗ ಕೈ ನಿಲ್ಲಿಸಿದಳು. 'ಇವನೇನಾ ಅವತ್ತು ಚರ್ಚಿನಲ್ಲಿ ಅತ್ತವನು?' ಅಂತ ದನಿಯಿಂದಲೇ ಗುರುತು ಹಿಡಿದಳು. ನನಗೆ ಗೊತ್ತಾಗಿರಲಿಲ್ಲ ಅಂದರೆ ನಂಬಿ, ಕವರ್ ಓದಿ ಕೇಳುತ್ತಿದ್ದವನು ನಾನು.

ಮಧ್ಯಾಹ್ನ ಡಿಸ್ ಹಾಕಿದೆ. ಇಬ್ಬರಿಗೂ ನಿದ್ದೆ ಬಂತು. ಓಸ್ಲೋದವರು ಬೇಜಾರು ಮಾಡಿಕೊಳ್ಳಬೇಡಿ, ಅವರೆಕಾಳು ಸಾರು ಜಾಸ್ತಿಯಾಗಿತ್ತು.

ಸಂಜೆ ಪೆಪ್ಪರ್‌ಬರ್ಡ್. ನಾಲ್ಕನೇ ನಿಮಿಷಕ್ಕೆ ಅವಳು ಚೀಲ ತೆಗೆದುಕೊಂಡು ತರಕಾರಿಗೆ ಹೊರಟಳು. ಮನೆಯಲ್ಲಿ ತರಕಾರಿ ಇತ್ತು.

ಜಾಝ್_ಜಗಳಗಂಟ
ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ದನಿಯಿಂದ ಗುರುತು ಹಿಡಿದರಲ್ಲ, ಅದಕ್ಕೆ. ಒಂದೇ ದನಿ, ಒಂದೇ ದನಿ ಅಂತ ನಾನು ಬೈಯುತ್ತಿದ್ದದ್ದು ಅದನ್ನೇ.

ಧಾರವಾಡ_ಪೇಡಾ
ರಾಗದ ಉತ್ತರ ಇನ್ನೂ ಯಾರೂ ಹೇಳಿಲ್ಲ. ಪೇಡಾ ಒಣಗಾಕತ್ತಾವ.